ಎರಡು ಗಂಟೆಗೊಮ್ಮೆ

ಸೆಪ್ಟೆಂಬರ್ ೧೧, ಸೋಮವಾರ

ಈ ದೇಶಕ್ಕೆ ಬಂದು ಹನ್ನೆರಡು ದಿನವಾಯಿತು. ಹೇಳಿಕೊಳ್ಳದಿದ್ದರೆ ತಲೆ ಸಿಡಿದುಹೋಗುತ್ತದೆ, ಹೇಳಿಕೊಳ್ಳಲು ಯಾರೂ ಇಲ್ಲ, ಅದಕ್ಕೇ ಈ ನೋಟ್‌ಬುಕ್ಕು. ಅಮ್ಮನಿಗೆ ಫೋನಿನಲ್ಲಿ ಹೇಳುವುದೆಲ್ಲ "ಚೆನ್ನಾಗಿದೆ" ಅನ್ನುವುದೊಂದೇ. ಊಟ ಚೆನ್ನಾಗಿದೆ, ರೂಮು ಚೆನ್ನಾಗಿದೆ, ಜನ ಚೆನ್ನಾಗಿದ್ದಾರೆ. ರೂಮು ಅಂದರೆ ಮೂರನೇ ಮಹಡಿಯಲ್ಲಿ ಎರಡು ಮಂಚ, ಬಾಗಿಲು ಮುಚ್ಚದ ಒಂದು ಬೀರು, ಪಕ್ಕದ ಕಟ್ಟಡದ ಕೊಳವೆಗಳನ್ನು ನೋಡುತ್ತಾ ಕೂರುವ ಒಂದು ಕಿಟಕಿ. ಇನ್ನೊಂದು ಮಂಚ ಅಕ್ಕನದು. ಒಡಹುಟ್ಟಿದವಳಲ್ಲ, ನಮ್ಮ ಕಡೆಯವಳು, ಇದೇ ಕೋರ್ಸಿಗೆ ನನಗಿಂತ ಎರಡು ವರ್ಷ ಮುಂಚೆ ಬಂದು, ಈಗ ಇಲ್ಲೇ ಕೆಲಸ ಹಿಡಿದವಳು. ಮೊದಲ ದಿನವೇ ನನ್ನ ಮೂರು ಪೆಟ್ಟಿಗೆ ನೋಡಿ, "ಇದೇನೇ, ಸಂಸಾರ ಹೂಡೋಕೆ ಬಂದಿದೀಯೋ ಓದೋಕೋ?" ಎಂದು ಕೇಳಿದಳು.

ಕೋರ್ಸು ವೃದ್ಧರ ಆರೈಕೆಯ ಡಿಪ್ಲೊಮಾ. ವಾರಕ್ಕೆ ಎರಡು ದಿನ ಪಾಠ, ನಾಲ್ಕು ದಿನ ಆರೈಕೆ ಮನೆಯಲ್ಲಿ ಕೆಲಸ, ಮಧ್ಯಾಹ್ನ ಎರಡರಿಂದ ಹತ್ತರ ಪಾಳಿ. ಒಬ್ಬೊಬ್ಬ ವಿದ್ಯಾರ್ಥಿಗೂ ಹಾಸಿಗೆ ಹಿಡಿದ ಒಬ್ಬೊಬ್ಬರನ್ನು ಕೊಡುತ್ತಾರೆ. ಆರು ತಿಂಗಳು ಅವರನ್ನು ನೋಡಿಕೊಂಡು ವರದಿ ಬರೆಯಬೇಕು. ಅದರ ಜೊತೆಗೆ ಪಾಳಿಯಲ್ಲಿ ಇನ್ನೂ ಏಳು ಹಾಸಿಗೆಗಳ ಕೆಲಸ. ನನಗೆ ಸಿಕ್ಕಿದ್ದು ಹದಿನಾಲ್ಕನೇ ಹಾಸಿಗೆ.

ಸೆಪ್ಟೆಂಬರ್ ೧೪, ಗುರುವಾರ

ಹದಿನಾಲ್ಕನೇ ಹಾಸಿಗೆಯಲ್ಲಿ ಇರುವವರು ಎಂಬತ್ತೊಂದು ವರ್ಷದ ಒಬ್ಬ ಕ್ಷೌರಿಕರು. ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿದೆ. ಮಾತು ನಿಧಾನ, ಆದರೆ ಸ್ಪಷ್ಟ, ಇಲ್ಲಿಯ ಭಾಷೆಯಲ್ಲಿ ಇನ್ನೂ ತಡವರಿಸುವ ನನಗೂ ಅರ್ಥವಾಗುತ್ತದೆ. ನನ್ನನ್ನು ಕಂಡೊಡನೆ ಹೇಳಿದ ಮೊದಲ ಮಾತು, "ಈ ಕೂದಲು ಕತ್ತರಿಸಿದವನ ಕೈ ಮುರಿಯಬೇಕು." ಕತ್ತರಿಸಿದವಳು ಅಮ್ಮ. ಹೇಳಲಿಲ್ಲ. ಮನಸ್ಸಿನಲ್ಲಿ ಅವರಿಗೆ ತಾತ ಎಂದು ಹೆಸರಿಟ್ಟೆ.

ಬೆನ್ನಿನ ತುದಿಯಲ್ಲಿ, ಬಾಲದ ಮೂಳೆಯ ಮೇಲೆ, ಹಾಸಿಗೆ ಹುಣ್ಣಿದೆ. ಅಳೆದೆ: ನಾಲ್ಕು ಸೆಂಟಿಮೀಟರ್ ಉದ್ದ, ಮೂರು ಅಗಲ, ಬೆರಳ ತುದಿ ಮುಳುಗುವಷ್ಟು ಆಳ. ಪುಸ್ತಕದಲ್ಲಿ ಚಿತ್ರ ನೋಡಿದ್ದೆ. ಚಿತ್ರಕ್ಕೆ ವಾಸನೆ ಇರುವುದಿಲ್ಲ. ಡ್ರೆಸ್ಸಿಂಗ್ ಮುಗಿಸಿ ಬಚ್ಚಲಿಗೆ ಹೋಗಿ ವಾಂತಿ ಮಾಡಿ, ಮುಖ ತೊಳೆದು ಬಂದೆ. ತಾತ ಗೋಡೆ ನೋಡುತ್ತಾ, "ಮೊದಲನೇ ಹುಡುಗಿ ಎರಡು ಸಲ ಓಡಿದ್ಳು. ನೀನು ಪರವಾಗಿಲ್ಲ" ಎಂದರು.

ಅವರಿಗೆ ಎಪ್ಪತ್ತಾರು ವರ್ಷದ ಒಬ್ಬ ತಂಗಿ ಇದ್ದಾರೆ, ಪ್ರತಿ ಶನಿವಾರ ಬರುತ್ತಾರಂತೆ. ತಂಗಿಯ ಮನೆಯಲ್ಲಿ ನೆಲಮಹಡಿಯ ಕೋಣೆ ಅವರಿಗಾಗಿ ಕಾಯುತ್ತಿದೆ. ಆದರೆ ತೆರೆದ ಗಾಯ ಇರುವವರನ್ನು ಮನೆಗೆ ಕಳಿಸುವಂತಿಲ್ಲ. ಹುಣ್ಣು ಮುಚ್ಚಿದರೆ ತಂಗಿಯ ಮನೆ, ಮುಚ್ಚದಿದ್ದರೆ ಇದೇ ಹದಿನಾಲ್ಕನೇ ಹಾಸಿಗೆ, ಅಷ್ಟೆ.

ಮುಚ್ಚಲು ಔಷಧಿಗಿಂತ ಮುಖ್ಯವಾದದ್ದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಎಡ, ಬಲ, ಎಡ, ಬಲ. ಊಟಕ್ಕೆ, ಚಹಾಕ್ಕೆ ಮಾತ್ರ ಸ್ವಲ್ಪ ಹೊತ್ತು ದಿಂಬಿಗೊರಗಿಸಿ ಕೂರಿಸಬಹುದು. ಪ್ರತಿ ಸಲವೂ ಮಂಚದ ತುದಿಗೆ ನೇತುಹಾಕಿದ ಚಾರ್ಟಿನಲ್ಲಿ ಗಂಟೆ, ಮಗ್ಗುಲು, ಸಹಿ. ಇದಕ್ಕೆ ಎಲ್ಲರೂ ಮಗ್ಗುಲು ಚಾರ್ಟು ಅನ್ನುತ್ತಾರೆ.

ಸೆಪ್ಟೆಂಬರ್ ೧೯, ಮಂಗಳವಾರ

ಅಕ್ಕನ ಕೆಲಸವೂ ಇದೇ ಆರೈಕೆ ಮನೆಯಲ್ಲಿ, ಕೆಳಗಿನ ವಾರ್ಡಿನಲ್ಲಿ; ಅವಳು ಚಾರ್ಟು ಬರೆಯುವುದನ್ನು ಇವತ್ತು ನೋಡಿದೆ. ಪಾಳಿ ಹತ್ತಿದ್ದೇ ತಡ, ಎರಡು, ನಾಲ್ಕು, ಆರು, ಎಂಟು, ಹತ್ತು ಎಂದು ಎಲ್ಲ ಮನೆಗಳನ್ನೂ ತುಂಬಿ ಸಹಿ ಎಳೆದುಬಿಟ್ಟಳು. ಗಂಟೆ ಇನ್ನೂ ಎರಡೂಕಾಲು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರಂತೆ, ಹಾಗಾಯ್ತು" ಎಂದೆ.

"ಎಂಟು ಗಂಟೆಗೆ ಅವರು ಯಾವ ಮಗ್ಗುಲಲ್ಲಿರ್ತಾರೆ ಅಂತ ನಂಗೆ ಈಗಲೇ ಗೊತ್ತು. ಆಮೇಲೆ ಬರೆದ್ರೇನು, ಈಗ ಬರೆದ್ರೇನು? ನೀನು ಹೊಸಬಳು, ಆಕಾಶ ತೋರಿಸಿದ್ರೆ ನಕ್ಷತ್ರ ಎಣಿಸ್ತೀಯ."

ನನಗೆ ಮೈ ಉರಿದುಹೋಯಿತು. ಇವಳ ಜೊತೆ ಒಂದೇ ರೂಮಿನಲ್ಲಿ ಇರಬೇಕಲ್ಲ ಎಂದು ಅಸಹ್ಯವೂ ಆಯಿತು. ಹಾಗೆ ಬರೆಯುವ ಕೈ ಕತ್ತರಿಸಿಕೊಂಡರೂ ಸರಿ, ನಾನು ಬರೆಯಲಾರೆ. ತಾತನನ್ನು ಇವತ್ತು ಎರಡಕ್ಕೆ, ನಾಲ್ಕಕ್ಕೆ, ಆರಕ್ಕೆ, ಎಂಟಕ್ಕೆ, ಹತ್ತಕ್ಕೆ ಹೊರಳಿಸಿದೆ. ಆರರದ್ದು ಏಳು ನಿಮಿಷ ತಡವಾಗಿತ್ತು, ೬.೦೭ ಎಂದೇ ಬರೆದೆ.

ಸೆಪ್ಟೆಂಬರ್ ೨೪, ಭಾನುವಾರ

ಅಮ್ಮನ ಫೋನು. ಚಾರ್ಟಿನ ವಿಷಯ ಹೇಳಿದೆ. ಊರಿನಲ್ಲಿ ನಮ್ಮ ಅಜ್ಜಿ ಹದಿನಾಲ್ಕು ತಿಂಗಳು ಮಲಗಿದಲ್ಲೇ ಇದ್ದರು, ನೋಡಿಕೊಂಡದ್ದು ಅಮ್ಮನೇ, ಒಂದು ಹುಣ್ಣಾಗಲಿಲ್ಲ.

"ನೀನು ಗಂಟೆ ನೋಡ್ತಿದ್ಯಾ ಅಮ್ಮ?"

"ಗಂಟೆ ಎಲ್ಲಿತ್ತೇ? ಒಂದು ರವಿಕೆ ಹೊಲಿದು ಮುಗಿದಾಗೆಲ್ಲ ಎದ್ದು ಒಂದ್ಸಲ ಹೊರಳಿಸ್ತಿದ್ದೆ. ರವಿಕೆ ಇಲ್ಲದ ದಿನ ಗುಂಡಿ ಹೊಲಿದ್ರೂ ಹೊರಳಿಸ್ತಿದ್ದೆ. ಅವ್ರು ಬೈತಿದ್ರು, ನೀನು ನನ್ನನ್ನ ದೋಸೆ ಅನ್ಕೊಂಡಿದೀಯಾ ಅಂತ."

ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ಅರ್ಧ ಗಂಟೆ ಅತ್ತೆ. ಯಾಕೆಂದು ಕೇಳಿದರೆ ಹೇಳಲು ಗೊತ್ತಾಗುವುದಿಲ್ಲ.

ಅಕ್ಟೋಬರ್ ೯, ಸೋಮವಾರ

ತಾತನಿಗೆ ಇಲ್ಲಿಯವರು ಮಾಡುವ ಗಡ್ಡದ ಬಗ್ಗೆ ಆಡಿ ತೀರದಷ್ಟು ಸಿಟ್ಟು. "ಅರವತ್ತು ವರ್ಷ ಊರಿಗೆಲ್ಲ ಗಡ್ಡ ಮಾಡಿದೆ. ಈಗ ನನಗೆ ಹುಲ್ಲು ಹೆರೆದ ಹಾಗೆ ಹೆರೀತಾರೆ." ಇವತ್ತು ನಾನೇ ಮಾಡುತ್ತೇನೆಂದೆ. ಒಂದು ಗಂಟೆ ಪಾಠವಾಯಿತು. ಬಿಸಿ ಬಟ್ಟೆ ಮೊದಲು. ನೊರೆಯನ್ನು ಹಚ್ಚುವುದಲ್ಲ, ಉಜ್ಜಿ ಎಬ್ಬಿಸುವುದು. ಎಡಗೈಯಿಂದ ಚರ್ಮ ಬಿಗಿಹಿಡಿಯಬೇಕು, ಕೂದಲು ಯಾವ ದಿಕ್ಕಿಗೆ ಮಲಗಿದೆಯೋ ಆ ದಿಕ್ಕಿಗೇ ಎಳೆಯಬೇಕು.

"ಬ್ಲೇಡು ನೋಡಬೇಡ ಹುಡುಗಿ, ಮುಖ ನೋಡು. ಬ್ಲೇಡಿಗೆ ನೋವಾಗಲ್ಲ."

ಗಂಟಲ ಹತ್ತಿರ ಬಂದಾಗ ನಿಂತು ಬ್ಲೇಡು ಒರೆಸಿಕೊಂಡೆ. ಅವರು ಕಣ್ಣು ಮುಚ್ಚಿಕೊಂಡು ಕತ್ತನ್ನು ನನ್ನ ಕೈಗೆ ಕೊಟ್ಟರು. ಒಂದು ಗೀರೂ ಆಗಲಿಲ್ಲ. ಕನ್ನಡಿ ತೋರಿಸಿದಾಗ ಎಡಗೈಯಿಂದ ಕೆನ್ನೆ ಸವರಿಕೊಂಡು, "ಐದಕ್ಕೆ ಮೂರು ಮಾರ್ಕು" ಎಂದರು. ಈ ದೇಶಕ್ಕೆ ಬಂದ ಮೇಲೆ ಯಾರಾದರೂ ನನಗೆ ಕೊಟ್ಟ ಮೊದಲ ಮಾರ್ಕು ಇದು. ಹುಣ್ಣು ಇವತ್ತು ಮೂರೂಕಾಲು ಸೆಂಟಿಮೀಟರ್.

ನವೆಂಬರ್ ೧೭, ಶುಕ್ರವಾರ

ಚಳಿ. ಕೈ ತೊಳೆದು ತೊಳೆದು ಬೆರಳಿನ ಸಂದುಗಳು ಒಡೆದಿವೆ. ಹದಿಮೂರನೇ ಹಾಸಿಗೆಯ ಅಜ್ಜಿ ಬೆಳಿಗ್ಗೆ ತೀರಿಕೊಂಡರು, ನಾನು ಹೋಗುವಷ್ಟರಲ್ಲಿ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿ ಸೂಪು ಕುಡಿಯುತ್ತಿದ್ದರು. ನಿನ್ನೆ ಅವರ ತಲೆ ಬಾಚಿದ್ದು ನಾನೇ.

ಹುಣ್ಣು ಎರಡೂವರೆ. ತಳದಲ್ಲಿ ಕೆಂಪಗೆ ಹೊಸ ಮಾಂಸ. ಮೇಡಂ ಅವರನ್ನು, ಅಂದರೆ ವಾರ್ಡಿನ ಮೇಲ್ವಿಚಾರಕಿಯನ್ನು, ಕರೆದು ತೋರಿಸಿದೆ. "ಚಾರ್ಟ್ ಚೆನ್ನಾಗಿ ಬರೀತಿದೀಯ" ಎಂದು ಹೇಳಿ ಹೋದರು. ಹುಣ್ಣನ್ನು ನೋಡಲು ಬಗ್ಗಲೂ ಇಲ್ಲ.

ಡಿಸೆಂಬರ್ ೧೩, ಬುಧವಾರ

ಒಂದು ಸೆಂಟಿಮೀಟರ್. ಎರಡು ಸಲ ಅಳೆದೆ. ತಾತನಿಗೆ ಹೇಳಿದಾಗ ನಂಬಲಿಲ್ಲ; ಫೋನಿನಲ್ಲಿ ಫೋಟೊ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಇದೊಂದು ಜಾಗ ನಾನು ಯಾವತ್ತೂ ಕನ್ನಡಿಯಲ್ಲಿ ನೋಡಿರಲಿಲ್ಲ" ಎಂದರು. ಶನಿವಾರ ಬಂದ ತಂಗಿ ಅಜ್ಜಿಗೂ ಅವರೇ ಜಂಬದಿಂದ ಹೇಳಿಕೊಂಡಿದ್ದಾರಂತೆ, ನಮ್ಮ ಹುಡುಗಿ ಗಡಿಯಾರ ನುಂಗಿದ್ದಾಳೆ ಎಂದು. ತಂಗಿ ಅಜ್ಜಿ ಕಿಟಕಿ ಪಕ್ಕಕ್ಕೆ ಮಂಚ ತರಿಸಿ ಹಾಕಿಸಿದ್ದಾರೆ. ಅಲ್ಲಿಂದ ರಸ್ತೆ ಕಾಣುತ್ತದಂತೆ, ಹೋಗಿಬರುವವರ ತಲೆಗಳನ್ನೆಲ್ಲ ನೋಡಿ ಬೈಯಬಹುದು.

ಇನ್ನೊಂದು ವಿಷಯ. ನಮ್ಮ ವಾರ್ಡಿನ ಇಬ್ಬರು ಆಯಾಗಳಲ್ಲಿ ಒಬ್ಬಳು ಬಿಟ್ಟುಹೋದಳು. ಬದಲಿಗೆ ಯಾರೂ ಬರುವುದಿಲ್ಲವಂತೆ. ಎಂಟು ಹಾಸಿಗೆ ನೋಡುತ್ತಿದ್ದ ನನಗೆ ಈಗ ಹನ್ನೊಂದು. ಒಬ್ಬರನ್ನು ಹೊರಳಿಸಿ, ಒರೆಸಿ, ಬಟ್ಟೆ ಸರಿಮಾಡಲು ಹದಿನೈದು ನಿಮಿಷ ಬೇಕು. ಹನ್ನೊಂದು ಜನ ಎರಡು ಗಂಟೆಯೊಳಗೆ ಹಿಡಿಸುವುದಿಲ್ಲ. ಮೇಡಂಗೆ ಲೆಕ್ಕ ಮಾಡಿ ತೋರಿಸಿದೆ. "ಎಲ್ಲರೂ ಮಾಡ್ತಿದಾರಲ್ಲ" ಎಂದರು.

ಡಿಸೆಂಬರ್ ೩೦, ಶನಿವಾರ

ಒಂಬತ್ತನೇ ಹಾಸಿಗೆಯವರ ಚಾರ್ಟಿನಲ್ಲಿ ಇವತ್ತು ಎಂಟರದ್ದನ್ನು ಆರಕ್ಕೇ ಬರೆದೆ. ಎಂಟಕ್ಕೆ ಹೋದೆ, ಹೊರಳಿಸಿದೆ, ಅರ್ಧ ಗಂಟೆ ತಡವಾಗಿ. ಅವರಿಗೆ ಹುಣ್ಣೂ ಇಲ್ಲ, ಅವರೇ ಸ್ವಲ್ಪ ಹೊರಳಾಡಬಲ್ಲರು. ತಾತನದ್ದು ಮಾತ್ರ ಯಾವಾಗಿನಂತೆ ಗಂಟೆಗೆ ಸರಿಯಾಗಿ.

ಅಮ್ಮ ಕೇಳಿದಳು, ದಪ್ಪಗಾಗಿದೀಯೋ ಸಣ್ಣಗಾಗಿದೀಯೋ ಎಂದು. ಚೆನ್ನಾಗಿದ್ದೇನೆ ಎಂದೆ.

ಜನವರಿ ೧೨, ಶುಕ್ರವಾರ

ಡಾಕ್ಟರು ಬಂದಿದ್ದರು. ಹುಣ್ಣು ಅರ್ಧ ಸೆಂಟಿಮೀಟರ್, ಮೇಲೆ ತೆಳುವಾದ ಚರ್ಮ ಕೂಡುತ್ತಿದೆ. "ಹೀಗೇ ಇದ್ದರೆ ಫೆಬ್ರವರಿ ಮೂರಕ್ಕೆ ಮನೆಗೆ" ಎಂದರು. ಆಮೇಲೆ ಗಡ್ಡ ಮಾಡುವಾಗ ತಾತನ ಕಣ್ಣಂಚಿನಿಂದ ನೀರು ಇಳಿದು ನೊರೆಯೊಳಗೆ ಸೇರಿತು. ನಾನು ನೋಡದವಳ ಹಾಗೆ ಕೆನ್ನೆ ಬಿಗಿಹಿಡಿದೆ.

ನನಗೇಕೆ ಸಂತೋಷವಾಗುತ್ತಿಲ್ಲ? ಬೆಳಿಗ್ಗೆ ಎದ್ದರೆ ಹನ್ನೊಂದು ಬೆನ್ನುಗಳು ಕಣ್ಣ ಮುಂದೆ ಬರುತ್ತವೆ. ಬಸ್ಸಿನಲ್ಲಿ ಮುಂದಿನ ಸೀಟಿನವರು ಹತ್ತು ನಿಮಿಷ ಅಲುಗಾಡದಿದ್ದರೆ ಎಬ್ಬಿಸಿ ಹೊರಳಿಸೋಣ ಅನ್ನಿಸುತ್ತದೆ. ಬಂದು ನಾಲ್ಕೂವರೆ ತಿಂಗಳಾಯಿತು, ಈ ಬಸ್ಸಿನ ದಾರಿ ಬಿಟ್ಟರೆ ಏನನ್ನೂ ಕಂಡಿಲ್ಲ.

ಅಕ್ಕ ಹೇಳಿದಳು, "ನಿನ್ನ ಮುಖ ನೋಡಿದ್ರೆ ಹಾಲು ಒಡೆಯುತ್ತೆ. ಮುಂದಿನ ಶನಿವಾರ ಸಮುದ್ರಕ್ಕೆ ಹೋಗೋಣ. ಮೂರೂವರೆ ರೈಲಿಗೆ ಹೊರಟ್ರೆ ಮುಳುಗೋ ಸೂರ್ಯ ಸಿಗ್ತಾನೆ. ಭಾನುವಾರ ಹೇಗೂ ನಿಂಗೆ ರಜಾ."

"ಶನಿವಾರ ಹತ್ತರವರೆಗೂ ಪಾಳಿ ಇದೆಯಲ್ಲ."

"ಶನಿವಾರ ಮೇಡಂ ಇರಲ್ಲ" ಎಂದಳು, ಅಷ್ಟೆ. ನಾನು ಸಮುದ್ರವನ್ನು ಇದುವರೆಗೆ ನೋಡಿಲ್ಲ. ವಿಮಾನದಲ್ಲಿ ಅದರ ಮೇಲೆ ಹಾರಿ ಬಂದೆ, ಆಗ ಕಿಟಕಿ ಪಕ್ಕದವರು ಪರದೆ ಎಳೆದುಕೊಂಡು ಮಲಗಿದ್ದರು.

ಜನವರಿ ೨೦, ಶನಿವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ತಂಗಿ ಅಜ್ಜಿಗೆ ನೆಗಡಿ, ಇವತ್ತು ಬರುವುದಿಲ್ಲವೆಂದು ಬೆಳಿಗ್ಗೆಯೇ ಫೋನ್ ಬಂದಿತ್ತು. ಎರಡಕ್ಕೆ ತಾತನನ್ನು ಚಹಾಕ್ಕೆಂದು ದಿಂಬಿಗೊರಗಿಸಿ ಕೂರಿಸಿದೆ. ಎರಡೂವರೆಗೆ ಚಾರ್ಟು ಬರೆದೆ: ನಾಲ್ಕು ಎಡ, ಆರು ಬಲ, ಎಂಟು ಎಡ, ಹತ್ತು ಬಲ. ಹಾಜರಿ ಪುಸ್ತಕದಲ್ಲೂ ಹತ್ತು ಗಂಟೆಯ ಸಹಿ ಮಾಡಿದೆ. ಉಳಿದ ಹತ್ತು ಹಾಸಿಗೆಗಳನ್ನು ನಮ್ಮ ವಾರ್ಡಿನ ಆಯಾ ಒಪ್ಪಿಕೊಂಡಳು, ಹದಿನಾಲ್ಕು ಮಾತ್ರ ತನ್ನ ಕೈಲಾಗದು ಎಂದಳು. ಪಕ್ಕದ ವಾರ್ಡಿನ ಆಯಾಗೆ, "ಹದಿನಾಲ್ಕನ್ನ ಸ್ವಲ್ಪ ನೋಡ್ಕೊಳ್ಳಿ, ಚಹಾ ಆದ ಮೇಲೆ ಮಗ್ಗುಲಿಗೆ ಮಲಗಿಸಿ" ಎಂದೆ. ಅವಳು ತಲೆ ಎತ್ತದೆ ಹೂಂ ಎಂದಳು. ಹೂಂ ಎಂದಳಲ್ಲ.

ಒಂದೇ ಒಂದು ದಿನ. ಎಲ್ಲರಿಗಾಗಿ ನಾಲ್ಕು ತಿಂಗಳಿನಿಂದ ದುಡಿದಿದ್ದೇನೆ.

ಜನವರಿ ೨೧, ಭಾನುವಾರ

ಸಮುದ್ರ ನೋಡಿದೆ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತುಕೊಂಡು ನಕ್ಕೆ, ಸುಮ್ಮಸುಮ್ಮನೆ, ಹುಚ್ಚಿಯ ಹಾಗೆ. ಅಕ್ಕ ಫೋಟೊ ತೆಗೆದಳು. ಅಮ್ಮನಿಗೆ ಕಳಿಸಿದೆ. "ಈಗ ನನ್ನ ಮಗಳ ಮುಖ ಕಾಣಿಸಿತು" ಎಂದು ಉತ್ತರ ಬಂತು.

ಜನವರಿ ೨೨, ಸೋಮವಾರ

ಯಾರೂ ಹೊರಳಿಸಿಲ್ಲ.

ಎರಡರಿಂದ ಹತ್ತರವರೆಗೆ ತಾತ ಕೂತಲ್ಲೇ ಜಾರಿ, ಅರ್ಧ ಕೂತು ಅರ್ಧ ಮಲಗಿ, ಒದ್ದೆಯಲ್ಲಿ ಇದ್ದರಂತೆ. ಹತ್ತರ ಪಾಳಿಯವಳು ಬಂದು ನೋಡಿದಳಂತೆ. ಚಾರ್ಟಿನಲ್ಲಿ ಹತ್ತರವರೆಗೂ ನನ್ನ ಸಹಿ ಇದ್ದದ್ದರಿಂದ ಅವಳೂ ಬಾಯಿ ಬಿಟ್ಟಿಲ್ಲ. ತೆಳು ಚರ್ಮ ಕಿತ್ತುಬಂದಿದೆ. ಸುತ್ತ ನೇರಳೆ ಬಣ್ಣ. ಅಳೆದೆ: ಮೂರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅಮ್ಮ ಹೇಳುತ್ತಿರುತ್ತಾಳೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ.

ಮೇಡಂ ಬಂದು ಚಾರ್ಟ್ ನೋಡಿದರು. ತಾತನ ಕಡೆ ಬಗ್ಗಿ ಗಟ್ಟಿಯಾಗಿ ಕೇಳಿದರು, "ಶನಿವಾರ ನಿಮ್ಮನ್ನ ಹೊರಳಿಸಿದ್ರಾ?"

ತಾತ ನನ್ನ ಕಡೆ ನೋಡಲೇ ಇಲ್ಲ. "ಹೊರಳಿಸಿದ್ರು" ಎಂದರು. "ನಾನೇ ಜಾರಿಬಿಟ್ಟೆ."

ಬದುಕಿಕೊಂಡೆ.

ಜನವರಿ ೨೫, ಗುರುವಾರ

ಫೆಬ್ರವರಿ ಮೂರು ರದ್ದಾಯಿತು. ತಂಗಿ ಅಜ್ಜಿಗೆ ಫೋನಿನಲ್ಲಿ ಹೇಳಿದ್ದು ಮೇಡಂ.

ಡ್ರೆಸ್ಸಿಂಗ್ ಮಾಡುತ್ತಿದ್ದಾಗ ತಾತ ತಾವಾಗಿಯೇ ಕಥೆ ಹೇಳಿದರು. ಹದಿನೈದು ವರ್ಷದವರಿದ್ದಾಗ, ಕೆಲಸ ಕಲಿಯುತ್ತಿದ್ದಾಗ, ಬೀದಿಯಲ್ಲಿ ಯಾವುದೋ ಮೆರವಣಿಗೆ ನೋಡುತ್ತಾ ಒಬ್ಬ ಗಿರಾಕಿಯ ಕಿವಿ ಕೊಯ್ದುಬಿಟ್ಟಿದ್ದರಂತೆ. ರಕ್ತ ಕಾಲರಿನವರೆಗೆ ಇಳಿಯಿತು. ಗುರು ಓಡಿಬಂದು ಕೈ ಎತ್ತಿದಾಗ ಆ ಗಿರಾಕಿ, "ಅವನನ್ನ ಬಿಡಿ, ನಾನೇ ತಲೆ ಅಲ್ಲಾಡಿಸಿದೆ" ಎಂದನಂತೆ.

"ಆಮೇಲೆ ಅರವತ್ತು ವರ್ಷ ನಾನು ಬೀದಿ ಕಡೆ ನೋಡಲಿಲ್ಲ" ಎಂದರು ತಾತ.

ನಾನು ಕ್ಷಮಿಸಿ ಎಂದೆ. ಬಾಯಲ್ಲಿ ಬಂತೋ ಮನಸ್ಸಿನಲ್ಲೇ ಅಂದೆನೋ ಗೊತ್ತಿಲ್ಲ. ಅವರು ಗಡ್ಡ ಸವರಿಕೊಳ್ಳುತ್ತಾ, "ನಾಳೆ ಮಾಡ್ತೀಯಾ? ಚುಚ್ಚುತ್ತಿದೆ" ಎಂದರು. ಮಾಡುತ್ತೇನೆ ಎಂದೆ.

ಫೆಬ್ರವರಿ ೨, ಶುಕ್ರವಾರ

ಪರೀಕ್ಷೆ ಹತ್ತೊಂಬತ್ತರಿಂದ. ಓದಿದ್ದು ಸೊನ್ನೆ. ಹನ್ನೊಂದರ ಮೇಲೆ ಇನ್ನೊಂದು ಹಾಸಿಗೆಯೂ ನನಗೇ ಬಂತು, ಈಗ ಹನ್ನೆರಡು. ಎಲ್ಲರ ಚಾರ್ಟೂ ಎರಡು ಗಂಟೆಗೇ ಬರೆದು ಮುಗಿಸುತ್ತೇನೆ. ಹಾಗೆ ಮಾಡಿದರೆ ಅರ್ಧ ಗಂಟೆ ಉಳಿಯುತ್ತದೆ, ಆ ಅರ್ಧ ಗಂಟೆಯಲ್ಲಿ ಇನ್ನಿಬ್ಬರನ್ನು ಹೊರಳಿಸಬಹುದು. ನಿಜವಾಗಿ ನೋಡಿದರೆ ಇದು ಅವರ ಒಳ್ಳೆಯದಕ್ಕೇ. ತಾತನದ್ದೂ ಬರೆದುಬಿಡುತ್ತೇನೆ, ಒಬ್ಬರಿಗೆ ಒಂದು ನ್ಯಾಯ ಇನ್ನೊಬ್ಬರಿಗೆ ಇನ್ನೊಂದು ಯಾಕೆ.

ಫೆಬ್ರವರಿ ೯, ಶುಕ್ರವಾರ

ಹುಣ್ಣು ಐದು. ಒಳಗೆ ಕಪ್ಪು. ವಾಸನೆ ಮೊದಲಿನದ್ದಲ್ಲ, ಬೇರೆ.

ಗಡ್ಡ ಮಾಡಲು ಹೊತ್ತು ಸಿಗಲಿಲ್ಲ. ಆಯಾ ಮಾಡಿದಳು. ಗಲ್ಲದ ಮೇಲೆ ಮೂರು ಗೀರು. ತಾತ ಒಂದು ಮಾತೂ ಬೈಯಲಿಲ್ಲ, ಅದು ನೋಡಲು ಚೆನ್ನಾಗಿರಲಿಲ್ಲ.

ಫೆಬ್ರವರಿ ೧೭, ಶನಿವಾರ

ತಂಗಿ ಅಜ್ಜಿ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದರು. "ಮುಚ್ಚುತ್ತಾ ಬಂದಿತ್ತಲ್ಲ ಮಗೂ, ಯಾಕೆ ಹೀಗಾಯ್ತು?" ವಯಸ್ಸಾದವರ ಚರ್ಮ, ರಕ್ತ ಸಂಚಾರ ಕಡಿಮೆ, ಕೆಲವೊಮ್ಮೆ ಏನು ಮಾಡಿದರೂ ಹೀಗಾಗುತ್ತದೆ ಎಂದು ಹೇಳಿದೆ. ಹೇಳುತ್ತಾ ಹೋದಂತೆ ಮಾತು ಸರಾಗವಾಗಿ ಬಂತು. ಈ ಭಾಷೆಯಲ್ಲಿ ನಾನು ತಡವರಿಸದೆ ಇಷ್ಟುದ್ದ ಮಾತಾಡಿದ್ದು ಇದೇ ಮೊದಲು. ಪರೀಕ್ಷೆಯ ಮೌಖಿಕಕ್ಕೂ ಇದೇ ಉತ್ತರ ಆಗುತ್ತದೆ.

ಫೆಬ್ರವರಿ ೨೬, ಸೋಮವಾರ

ಪರೀಕ್ಷೆ ಮುಗಿಯಿತು. ತಾತನಿಗೆ ಮೂರು ದಿನದಿಂದ ಜ್ವರ, ಇವತ್ತು ಆಸ್ಪತ್ರೆಗೆ ಸಾಗಿಸಿದರು. ಸ್ಟ್ರೆಚರಿಗೆ ಎತ್ತುವಾಗ ನಾನು ತಲೆಯ ಕಡೆ ಹಿಡಿದಿದ್ದೆ. ನನ್ನನ್ನು ಗುರುತಿಸಿದರೋ ಇಲ್ಲವೋ. ಎಡಗೈ ಎತ್ತಿ ನನ್ನ ಕೂದಲಿನ ತುದಿಯನ್ನು ಎರಡು ಬೆರಳಿನ ಮಧ್ಯೆ ಹಿಡಿದು, ಎಷ್ಟು ಕತ್ತರಿಸಬೇಕೆಂದು ಅಳೆಯುವವರ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಆಯಾ ಬೆರಳು ಬಿಡಿಸಿದಳು.

ಮಾರ್ಚ್ ೧, ಶುಕ್ರವಾರ

ತಾತ ಬೆಳಿಗ್ಗೆ ಹೋದರು. ಹುಣ್ಣಿನ ನಂಜು ರಕ್ತಕ್ಕೇರಿತ್ತು.

ಹದಿನಾಲ್ಕನೇ ಹಾಸಿಗೆಗೆ ಮಧ್ಯಾಹ್ನ ಹೊಸಬರು ಬಂದರು. ಚಾರ್ಟ್ ಹೊಸದು ಹಾಕಿದೆ.

ಮಾರ್ಚ್ ೫, ಮಂಗಳವಾರ

ಹಾಸಿಗೆ ಹುಣ್ಣಿನಿಂದ ಸತ್ತರೆ ವಿಚಾರಣೆ ಆಗಲೇಬೇಕಂತೆ. ಇಬ್ಬರು ಅಧಿಕಾರಿಗಳು ಬಂದು ಆರು ತಿಂಗಳ ಚಾರ್ಟ್ ತೆಗೆಸಿ ನೋಡಿದರು. ನನ್ನನ್ನೂ ಕರೆದರು. ಎಲ್ಲ ಹೇಳಿಬಿಡಬೇಕೆಂದು ಮೆಟ್ಟಿಲು ಹತ್ತಿದೆ, ದೇವರಾಣೆಗೂ ಹತ್ತಿದೆ. ಒಳಗೆ ಹೋದಾಗ ಅವರಲ್ಲಿ ಹಿರಿಯರು, "ಇಷ್ಟು ಅಚ್ಚುಕಟ್ಟಾದ ದಾಖಲೆ ನಾನು ನೋಡಿಲ್ಲ. ಎರಡು ಗಂಟೆಗೊಮ್ಮೆ, ಒಂದು ಸಲವೂ ತಪ್ಪಿಲ್ಲ" ಎಂದು ಕುರ್ಚಿ ತೋರಿಸಿದರು. ಕುಳಿತೆ. ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಒಟ್ಟು ಇಪ್ಪತ್ತು ನಿಮಿಷ.

ಸಂಜೆ ಕಾಲೇಜಿನಿಂದ ಸುದ್ದಿ: ವರದಿಗೆ ತರಗತಿಯಲ್ಲೇ ಅತಿ ಹೆಚ್ಚು ಅಂಕ ನನಗೆ. ಅಮ್ಮನಿಗೆ ಹೇಳಿದೆ. ಅಮ್ಮ ಅತ್ತಳು. "ಅಜ್ಜಿ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು" ಎಂದಳು. ಆಮೇಲೆ, "ಆ ತಾತ ಮನೆಗೆ ಹೋದ್ರೇನೇ?" ಎಂದು ಕೇಳಿದಳು.

"ಹೋದ್ರು ಅಮ್ಮ" ಎಂದೆ.

ಮಾರ್ಚ್ ೮, ಶುಕ್ರವಾರ

ತಂಗಿ ಅಜ್ಜಿ ಫೋನ್ ಮಾಡಿದ್ದರು. ನಾಳೆ ನಾಲ್ಕಕ್ಕೆ ಮನೆಗೆ ಬಾ, ಚಹಾ ಕುಡಿಯೋಣ, ಅವನ ಕೊನೆಯ ದಿನಗಳ ಬಗ್ಗೆ ನಿನ್ನ ಬಾಯಿಂದ ಕೇಳಬೇಕು ಎಂದರು. ಬರುತ್ತೇನೆ ಎಂದೆ. ಹೇಳಿಬಿಡುತ್ತೇನೆ. ಇದೊಂದನ್ನು ಹೇಳದೆ ನಾನು ಇಲ್ಲೂ ಇರಲಾರೆ, ಊರಿಗೂ ಹೋಗಲಾರೆ.

ಅಕ್ಕನಿಗೆ ತಿಳಿಸಿದೆ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಹೇಳಿದ್ರೆ ಆ ಮುದುಕಿಗೆ ಏನು ಸಿಗುತ್ತೆ?" ಎಂದಳು. ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

ನಾಳೆ ಹಿಂತಿರುಗಿದ ಮೇಲೆ ಬರೆಯಲು ಕೈ ಬರುವುದಿಲ್ಲ. ಏನು ಹೇಳಬೇಕೆಂದು ಈಗಲೇ ಗೊತ್ತಿದೆ, ನಾಳೆಯದನ್ನೂ ಈಗಲೇ ಬರೆದು ಮುಗಿಸುತ್ತೇನೆ.

ಮಾರ್ಚ್ ೯, ಶನಿವಾರ

ನಾಲ್ಕಕ್ಕೆ ಸರಿಯಾಗಿ ತಂಗಿ ಅಜ್ಜಿಯ ಮನೆಗೆ ಹೋದೆ. ಚಹಾ ಬೇಡವೆಂದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಜನವರಿ ಇಪ್ಪತ್ತರಂದು ನಿಮ್ಮ ಅಣ್ಣನನ್ನು ದಿಂಬಿಗೊರಗಿಸಿ ಬಿಟ್ಟು ನಾನು ಸಮುದ್ರ ನೋಡಲು ಹೋದೆ, ಎಂಟು ಗಂಟೆ ಕಾಲ ಅವರನ್ನು ಯಾರೂ ಮುಟ್ಟಲಿಲ್ಲ, ಆ ದಿನದ ಚಾರ್ಟು ಸುಳ್ಳು, ಫೆಬ್ರವರಿಯ ಚಾರ್ಟು ಮುಕ್ಕಾಲು ಸುಳ್ಳು, ಅವರು ನನ್ನನ್ನು ಬಿಟ್ಟುಕೊಡಲಿಲ್ಲ ಎಂದೆ. ಅಜ್ಜಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಮೇಲೆ ಬೈದರು. ಬೈದದ್ದೆಲ್ಲ ಸರಿಯಾಗಿಯೇ ಇತ್ತು. ಕೊನೆಗೆ, ಹೇಳಿದೆಯಲ್ಲ, ಹೋಗು ಎಂದರು. ಬಸ್ ಸ್ಟಾಪಿನಲ್ಲಿ ಕುಳಿತು ಅತ್ತೆ. ಮನಸ್ಸು ಹಗುರವಾಯಿತು.

ಮಾರ್ಚ್ ೧೦, ಭಾನುವಾರ

ನಿನ್ನೆ ಹೋಗಿದ್ದೆ.

ಕಿಟಕಿ ಪಕ್ಕದಲ್ಲಿ ಮಂಚ ಹಾಗೇ ಇದೆ. ಹೊದಿಕೆ ಮಡಿಸಿಟ್ಟಿದ್ದಾರೆ. ಅಜ್ಜಿ ನನ್ನನ್ನು ಅದರ ಮೇಲೇ ಕೂರಿಸಿದರು, ಬೇರೆ ಕುರ್ಚಿ ಇರಲಿಲ್ಲ. ಚಹಾ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಡ್ರಾಯರಿನಿಂದ ಒಂದು ಕಟ್ಟು ಕಾಗದ ತೆಗೆದರು. ಮಗ್ಗುಲು ಚಾರ್ಟಿನ ನಕಲು. ಆಫೀಸಿನಲ್ಲಿ ಬೇಡಿ ತೆಗೆದುಕೊಂಡರಂತೆ.

"ದಿನಾ ಇದನ್ನ ಓದ್ತೀನಿ" ಎಂದರು. "ಅವನನ್ನ ಮನೇಲೇ ಇಟ್ಕೊಂಡಿದ್ರೆ ಬದುಕ್ತಿದ್ನೇನೋ ಅಂತ ಮೊದಲೆಲ್ಲ ನಿದ್ದೆ ಬರ್ತಿರಲಿಲ್ಲ. ಇದು ಸಿಕ್ಕಿದ ಮೇಲೆ ನಿದ್ದೆ ಮಾಡ್ತಿದೀನಿ. ಈ ಕೈಯಲ್ಲಿ ಇಷ್ಟೆಲ್ಲ ನನಗೆ ಆಗ್ತಿತ್ತಾ ಹೇಳು."

ಹಾಳೆ ಹಾಳೆ ತಿರುವಿ ನನ್ನ ಸಹಿಗಳ ಮೇಲೆ ಬೆರಳಿಟ್ಟು ತೋರಿಸಿದರು. ಇದು ನೀನು, ಇದೂ ನೀನು. ಒಂದು ಹಾಳೆಯ ಹತ್ತಿರ ನಿಂತರು.

"ಈ ಶನಿವಾರ ನನಗೆ ನೆಗಡಿ, ಬರೋಕಾಗಲಿಲ್ಲ. ದಿನವೆಲ್ಲ ಒಂದೇ ಯೋಚನೆ, ಅವನು ಒಬ್ಬನೇ ಬಾಗಿಲು ನೋಡ್ಕೊಂಡು ಬಿದ್ದಿರ್ತಾನೆ ಅಂತ. ಈಗ ನೋಡು. ನಾಲ್ಕು, ಆರು, ಎಂಟು, ಹತ್ತು. ನೀನಿದ್ದೆ ಅಲ್ವಾ?"

"ಇದ್ದೆ ಅಜ್ಜಿ" ಎಂದೆ.

"ಏನಾದ್ರೂ ಹೇಳಿದ್ನಾ ಆವತ್ತು?"

ನಿಮ್ಮ ಅಣ್ಣ ನನ್ನನ್ನು ಕೇಳಿದರು, ತಂಗಿ ಬರ್ತಾಳಾ ಎಂದು, ನಾನು ಹೇಳಿದೆ ಮುಂದಿನ ವಾರ ಬರುತ್ತಾರೆ ಎಂದು, ಆಮೇಲೆ ಎಡ ಮಗ್ಗುಲಿಗೆ ಮಲಗಿ ನಿದ್ದೆ ಮಾಡಿದರು ಎಂದೆ. ಅಜ್ಜಿ ಕಣ್ಣೊರೆಸಿಕೊಂಡು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಇಟ್ಟುಕೊಂಡರು. ಚಹಾ ಮುಗಿಸಿ, ಲೋಟ ತೊಳೆದಿಟ್ಟು ಬಂದೆ.

ಮೇಲಿನ, ಮೊದಲೇ ಬರೆದಿಟ್ಟ ಶನಿವಾರದ ಪುಟ ಹರಿದುಹಾಕಬೇಕೆಂದು ಕುಳಿತೆ. ಮತ್ತೊಮ್ಮೆ ಓದಿದೆ. ಬರೆದದ್ದು ಚೆನ್ನಾಗಿಯೇ ಇದೆ, ಇರಲಿ.